ಉಳ್ಳಾಗಡ್ಡಿಗೆ ಹತ್ತು ಪ್ರಶ್ನೆ, ಸೂಜಿಗೆ ಮೌನ

ಹುಬ್ಬಳ್ಳಿ-ಧಾರವಾಡ ರಸ್ತೆಯ ಯಾವುದಾದರೊಂದು ಖಾನಾವಳಿಯಲ್ಲಿ ಜೈನ ಕುಟುಂಬವೊಂದು ಊಟಕ್ಕೆ ಕುಳಿತಿತೆಂದರೆ ಬಡಿಸುವವನ ಪರೀಕ್ಷೆ ಆರಂಭವಾಯಿತೆಂದೇ ತಿಳಿಯಬೇಕು. ಪಲ್ಯಕ್ಕೆ ಉಳ್ಳಾಗಡ್ಡಿ ಹಾಕಿದೆಯೇ, ಸಾರಿನಲ್ಲಿ ಬಳ್ಳೊಳ್ಳಿ ಇದೆಯೇ, ಬಟಾಟೆ ಕರಿದ ಎಣ್ಣೆಯಲ್ಲಿಯೇ ಬಜ್ಜಿ ಕರಿದಿದ್ದಾರೆಯೇ, ಎರಡು ಪಾತ್ರೆಗೂ ಒಂದೇ ಸೌಟೇ ಎಂದು ಹತ್ತು ಪ್ರಶ್ನೆಗಳು ಬರುತ್ತವೆ. ಕೇಳುವುದಕ್ಕೆ ಯಾರಿಗೂ ಸಂಕೋಚವಿಲ್ಲ. ಕೇಳದಿದ್ದರೆ ಮನೆಯ ಹಿರಿಯರು ಬಿಡುವುದೂ ಇಲ್ಲ. ಅದೇ ಕುಟುಂಬದ ಯಜಮಾನರು ಎಂಟು ದಿನಗಳ ತರುವಾಯ ವೈದ್ಯರ ಕೋಣೆಯಲ್ಲಿ ಕುಳಿತಿರುತ್ತಾರೆ. ವಾರಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಚುಚ್ಚಿಕೊಳ್ಳಬೇಕಾದ, ತಿಂಗಳಿಗೆ ಸಾವಿರಗಳ ಲೆಕ್ಕದಲ್ಲಿ ಬೆಲೆ ತೆರಬೇಕಾದ ಮದ್ದೊಂದನ್ನು ವೈದ್ಯರು ಚೀಟಿಯಲ್ಲಿ ಬರೆಯುತ್ತಾರೆ. ಯಜಮಾನರು ಕೈಮುಗಿದು ಎದ್ದು ಬರುತ್ತಾರೆ. ಅದು ಯಾವುದರಿಂದ ತಯಾರಾದುದು, ತಮ್ಮ ಊಟದ ಹೊತ್ತಿಗೆ ಹೊಂದುವುದೇ, ಪರ್ವದ ಉಪವಾಸದಲ್ಲಿ ಏನು ಮಾಡಬೇಕು ಎಂಬ ಒಂದು ಮಾತೂ ಬಾಯಿಂದ ಹೊರಡುವುದಿಲ್ಲ.

ನಾಲಗೆಗೆ ಸೋಕುವುದನ್ನು ಇಷ್ಟು ಶೋಧಿಸುವ ಸಮಾಜವು ರಕ್ತಕ್ಕೆ ಸೇರುವುದರ ವಿಷಯದಲ್ಲಿ ಇಷ್ಟು ಮೂಕವಾದುದು ಹೇಗೆ? ಈ ಮೌನಕ್ಕೆ ವಿನಯವೆಂದು ಹೆಸರಿಡಲಾಗಿದೆ. ಅದು ವಿನಯವಲ್ಲ, ಪ್ರಮಾದ.

ಈಗ ಎಲ್ಲೆಡೆ ಕೇಳಿಬರುತ್ತಿರುವ ‘ಪೆಪ್ಟೈಡ್ ಚಿಕಿತ್ಸೆ’ ಎಂಬ ಹೆಸರು ಹೊಸದು, ವಸ್ತು ಹೊಸದಲ್ಲ. ಅಮೈನೋ ಆಮ್ಲಗಳೆಂಬ ಸಣ್ಣ ಮಣಿಗಳನ್ನು ಒಂದು ದಾರದಲ್ಲಿ ಪೋಣಿಸಿದರೆ ಪೆಪ್ಟೈಡ್. ಮಾಲೆ ಬಹಳ ಉದ್ದವಾದರೆ ಅದಕ್ಕೆ ಪ್ರೋಟೀನ್ ಎಂದು ಹೆಸರು. ಹೆರಿಗೆಯ ತರುವಾಯ ರಕ್ತಸ್ರಾವವನ್ನು ತಡೆಯಲು ಕೊಡುವ ಆಕ್ಸಿಟೋಸಿನ್ ಒಂಬತ್ತೇ ಮಣಿಗಳದು. ಮಧುಮೇಹಿಗಳ ಇನ್ಸುಲಿನ್ ಎರಡು ಸರಗಳಲ್ಲಿ ಒಟ್ಟು 51 ಮಣಿಗಳುಳ್ಳದ್ದಾಗಿ ಪೆಪ್ಟೈಡಿಗೂ ಪ್ರೋಟೀನಿಗೂ ನಡುವಿನ ಗಡಿಯಲ್ಲಿದೆ. ತೂಕ ಇಳಿಸುವುದೆಂದು ಪ್ರಸಿದ್ಧವಾದ ಸೆಮಾಗ್ಲುಟೈಡ್ 31, ಟಿರ್ಜೆಪಟೈಡ್ 39 ಮಣಿಗಳವು. ಮೂಳೆ ಸವೆದವರಿಗೆ ಕೊಡುವ ಟೆರಿಪ್ಯಾರಟೈಡ್ 34 ಮಣಿಗಳದು. ಆದುದರಿಂದ ‘ಪೆಪ್ಟೈಡ್ ಎಂಬುದು ಶ್ರೀಮಂತರ ಹೊಸ ಚಟ, ಬಡ ಶ್ರಾವಕನಿಗೆ ಅದರ ಗೊಡವೆ ಏಕೆ’ ಎನ್ನುವವರು ತಮ್ಮ ಮನೆಯ ಶೀತಪೆಟ್ಟಿಗೆಯ ಬಾಗಿಲಲ್ಲಿರುವ ಇನ್ಸುಲಿನ್ ಶೀಶೆಯನ್ನು ಒಮ್ಮೆ ನೋಡಬೇಕು.

ಆ ಶೀಶೆಯ ಇತಿಹಾಸವನ್ನು ಜೈನರು ಮರೆಯಬಾರದು. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ನಾಯಿಗಳ ಮೇಲೆ ಪ್ರಯೋಗ ನಡೆಸಿ ಇದನ್ನು ಕಂಡುಹಿಡಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲು ಕೊಟ್ಟರು. ಅದಕ್ಕೆ ಹಿಂದೆ ಈ ರೋಗ ತಗಲಿದ ಮಕ್ಕಳು ಬದುಕುತ್ತಿರಲಿಲ್ಲ. ಆದರೆ ಅಂದಿನಿಂದ ಆರು ದಶಕಗಳ ಕಾಲ ಜಗತ್ತಿನ ಇನ್ಸುಲಿನ್ ಎಲ್ಲವೂ ಕಸಾಯಿಖಾನೆಯಿಂದಲೇ ಬಂದಿತು. ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯನ್ನು ಅರೆದು ತೆಗೆದ ಮದ್ದು ಅದು. ಎಂಟು ಔನ್ಸು ಶುದ್ಧ ಇನ್ಸುಲಿನ್ನಿಗೆ ಎರಡು ಟನ್ನಿಗೂ ಮಿಕ್ಕಿ ಹಂದಿಯ ಅವಯವಗಳು ಬೇಕಾಗುತ್ತಿದ್ದವು. ಆ ಕಾಲದ ಶ್ರಾವಕನ ಮುಂದೆ ಇದ್ದುದು ನಿಜವಾದ ಧರ್ಮಸಂಕಟ.

1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನಿನ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಇರಿಸಿ ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಮಾರಾಟಕ್ಕೆ ಬಂದಿತು. ಕರ್ನಾಟಕದವರು ಈ ಕಥೆಯಲ್ಲಿ ಹೊರಗಿನವರಲ್ಲ. 1978ರಲ್ಲಿಯೇ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಸಂಸ್ಥೆಯು ಮೊದಮೊದಲು ತಯಾರಿಸುತ್ತಿದ್ದ ವಸ್ತುಗಳಲ್ಲಿ ಪಪ್ಪಾಯಿಯ ಹಾಲಿನಿಂದ ತೆಗೆದ ಪಪೇನ್ ಒಂದು. ಬಿಯರನ್ನು ತಿಳಿಗೊಳಿಸಲು ಬಳಸುವ, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಇನ್ನೊಂದು. ಅದೇ ಸಂಸ್ಥೆ 2004ರಲ್ಲಿ ಯೀಸ್ಟಿನಲ್ಲಿ ಬೆಳೆಸಿದ ಮಾನವ ಇನ್ಸುಲಿನ್ನನ್ನು ‘ಇನ್ಸುಜೆನ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಮೀನಿನ ಗಾಳಿಚೀಲದಿಂದ ಯೀಸ್ಟಿನವರೆಗೆ ಒಂದು ವ್ಯಾಪಾರ ನಡೆದುಬಂದ ಈ ದಾರಿಯನ್ನು ಜೈನ ವರ್ತಕರು ಲಕ್ಷ್ಯವಿಟ್ಟು ನೋಡಬೇಕಾಗಿತ್ತು, ನೋಡಿದವರು ಕಡಿಮೆ.

ಹೀಗಿದ್ದರೂ ‘ಇನ್ಸುಲಿನ್ ಹಂದಿಯದು’ ಎಂಬ ಹಳೆಯ ಮಾತು ಇಂದಿಗೂ ಬಸದಿಯ ಜಗಲಿಯ ಮೇಲೆ ಓಡಾಡುತ್ತಿದೆ. ಅದನ್ನು ನಂಬಿ ಸೂಜಿ ಬಿಡುವ ವೃದ್ಧರಿದ್ದಾರೆ. ಇನ್ನು ಕೆಲವರು ಶೀಶೆಯ ಮೇಲಿನ ‘ಮಾನವ ಇನ್ಸುಲಿನ್’ ಎಂಬ ಅಕ್ಷರಗಳನ್ನು ಓದಿ ಅದು ಮನುಷ್ಯನ ದೇಹದಿಂದ ತೆಗೆದುದೆಂದು ಬೆಚ್ಚುತ್ತಾರೆ. ಇಬ್ಬರಿಗೂ ಅರ್ಧ ನಿಮಿಷದ ಒಂದು ಪ್ರಶ್ನೆ ಸಾಕಾಗಿತ್ತು. ಹೆಸರುಗಳು ಎರಡೂ ಕಡೆಗೆ ಮೋಸ ಮಾಡುತ್ತವೆ. ಎಕ್ಸೆನಟೈಡ್ ಎಂಬ ಮಧುಮೇಹದ ಮದ್ದಿನ ಮೂಲವು ಅಮೆರಿಕದ ಮರುಭೂಮಿಯ ವಿಷದ ಹಲ್ಲಿಯೊಂದರ ಜೊಲ್ಲಿನಲ್ಲಿ ಕಂಡುಬಂದಿತಾದರೂ ಮದ್ದನ್ನು ಹಲ್ಲಿಯಿಂದ ತೆಗೆಯುವುದಿಲ್ಲ, ರಾಸಾಯನಿಕವಾಗಿ ಜೋಡಿಸುತ್ತಾರೆ. ‘ಸಾಲ್ಮನ್ ಕ್ಯಾಲ್ಸಿಟೋನಿನ್’ ಎಂಬುದರಲ್ಲಿ ಮೀನಿನ ಹೆಸರಿದೆ, ಮೀನಿಲ್ಲ. ಇತ್ತ ಸೆರೆಬ್ರೊಲೈಸಿನ್ ಎಂಬ ಗಂಭೀರವಾದ ಹೆಸರಿನ, ಪಾರ್ಶ್ವವಾಯು ಬಡಿದವರಿಗೆ ಏರಿಸುವ ಪೆಪ್ಟೈಡ್ ದ್ರಾವಣವು ಹಂದಿಯ ಮೆದುಳಿನಿಂದ ತಯಾರಾಗುವಂಥದು. ಹೆಸರಿನಲ್ಲಿ ಅದರ ಸುಳಿವೇ ಇಲ್ಲ. ಅದರಿಂದ ಮರಣ ತಪ್ಪುವ ವಿಷಯದಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕಾಣುವುದಿಲ್ಲವೆಂದು ಕಾಕ್ರೇನ್ ಸಮೀಕ್ಷೆ ಹೇಳುತ್ತದೆ. ರೋಗಿಯ ಮಕ್ಕಳು ‘ಇದು ಯಾವುದರದು, ಇಲ್ಲದೆ ನಡೆಯುವುದೇ’ ಎಂದು ಕೇಳಿದ್ದರೆ ಎರಡು ಉತ್ತರಗಳೂ ಅಲ್ಲಿಯೇ ದೊರೆಯುತ್ತಿದ್ದವು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪೆಪ್ಟೈಡ್ ಅಲ್ಲದಿದ್ದರೂ ಅದರ ನೆರೆಯದೇ. ಅದು ಹಂದಿಯ ಕರುಳಿನಿಂದಲೇ ಬರುತ್ತದೆ, ಮತ್ತು ಅನೇಕ ಸಂದರ್ಭಗಳಲ್ಲಿ ಅದು ಪ್ರಾಣವನ್ನು ಉಳಿಸುತ್ತದೆ. ಅಲ್ಲಿ ಶ್ರಾವಕನು ತಿಳಿದು ಒಪ್ಪಬೇಕಾಗಬಹುದು. ತಿಳಿದು ಒಪ್ಪಿದವನಿಗೆ ಪಶ್ಚಾತ್ತಾಪಕ್ಕೂ ಪ್ರಾಯಶ್ಚಿತ್ತಕ್ಕೂ ದಾರಿಯುಂಟು. ಕಣ್ಣು ಮುಚ್ಚಿಕೊಂಡವನಿಗೆ ಅದೂ ಇಲ್ಲ.

‘ಔಷಧಕ್ಕೆ ದೋಷವಿಲ್ಲ’ ಎಂಬುದು ಕೇಳದವರ ಮೊದಲನೆಯ ಸಮರ್ಥನೆ. ಜೈನ ವೈದ್ಯಪರಂಪರೆಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಇಡೀ ಚಿಕಿತ್ಸಾಶಾಸ್ತ್ರವನ್ನು ರಚಿಸಿದರು. ಮಾಂಸವು ಔಷಧವಾಗಿಯೂ ನಿರರ್ಥಕವೆಂದು ನೃಪತುಂಗನ ಆಸ್ಥಾನದಲ್ಲಿ ವಾದಿಸಿದರೆಂದು ಪ್ರತೀತಿ. ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಔಷಧಕ್ಕೆ ದೋಷವಿಲ್ಲವೆಂದಿದ್ದರೆ ಈ ಮಹನೀಯರಿಗೆ ಅಷ್ಟು ಶ್ರಮವೇಕೆ ಬೇಕಾಗಿತ್ತು? ಅವರು ವೈದ್ಯರನ್ನೇ ಪ್ರಶ್ನಿಸಿದ ವೈದ್ಯರು.

ಎರಡನೆಯದು, ‘ಕೇಳಿದರೆ ಡಾಕ್ಟರರಿಗೆ ಸಿಟ್ಟು ಬರುತ್ತದೆ’ ಎಂಬುದು. ಹೊರಗೆ ನಲವತ್ತು ಜನ ಕಾದಿರುವಾಗ ವೈದ್ಯರಿಗೆ ಬೇಸರವಾಗುವುದುಂಟು, ಅದೇನೂ ಸುಳ್ಳಲ್ಲ. ಆದರೆ ಸಗಟು ಅಂಗಡಿಯಲ್ಲಿ ಮಾಲಿನ ಮೂಲ ಕೇಳದೆ ಒಂದು ಪೋತಿಯನ್ನೂ ಎತ್ತದ ವ್ಯಾಪಾರಿ, ಮಾರುವವನ ಸಿಟ್ಟಿಗೆ ಎಂದಾದರೂ ಹೆದರಿದ್ದುಂಟೇ?

ಮೂರನೆಯದೇ ನಿಜವಾದ ರೋಗ. ‘ತಿಳಿಯದಿದ್ದರೆ ಪಾಪವಿಲ್ಲ, ಕೇಳಿ ತಿಳಿದುಕೊಂಡು ಸಂಕಟಕ್ಕೇಕೆ ಸಿಲುಕಬೇಕು’ ಎಂಬ ಜಾಣತನ. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಪ್ರಾಣಹರಣಕ್ಕೆ ಮೊದಲು ಪ್ರಮಾದವನ್ನಿಟ್ಟರು. ಎಚ್ಚರದಿಂದ ನಡೆದ ಮುನಿಯ ಕಾಲಡಿ ಜೀವವೊಂದು ಅಳಿದರೂ ಹಿಂಸೆಯ ಬಂಧವಿಲ್ಲ. ಎಚ್ಚರವಿಲ್ಲದೆ ನಡೆದವನ ಕಾಲಡಿ ಏನೂ ಅಳಿಯದಿದ್ದರೂ ಬಂಧವುಂಟು. ಈ ತತ್ತ್ವವನ್ನು ಪ್ರವಚನದಲ್ಲಿ ತಲೆದೂಗಿ ಕೇಳಿದವರೇ ವೈದ್ಯರ ಬಾಗಿಲಲ್ಲಿ ಬೇಕೆಂದೇ ಅಜ್ಞಾನವನ್ನು ಹೊದ್ದುಕೊಳ್ಳುತ್ತಾರೆ. ಒಂದು ಪ್ರಶ್ನೆಯಿಂದ ನೀಗಬಹುದಾದ ಅಜ್ಞಾನವು ಅಜ್ಞಾನವೇ ಅಲ್ಲ, ಅದು ಇಚ್ಛೆ.

ಇಷ್ಟು ಹೇಳಿದಾಗ ಇನ್ನೊಂದು ಪಕ್ಷದವರು ಎದ್ದು ನಿಲ್ಲುತ್ತಾರೆ. ಯೀಸ್ಟೂ ಬ್ಯಾಕ್ಟೀರಿಯಾವೂ ಜೀವಗಳಲ್ಲವೇ, ಲೆಕ್ಕವಿಲ್ಲದ ಏಕೇಂದ್ರಿಯಗಳ ಘಾತವಾಗಲಿಲ್ಲವೇ ಎಂಬುದು ಇವರ ಆಕ್ಷೇಪ. ಆಗುತ್ತದೆ. ಆದರೆ ಗೃಹಸ್ಥನ ಅಣುವ್ರತವು ತ್ರಸಹಿಂಸೆಯ ತ್ಯಾಗಕ್ಕೆ ಸಂಬಂಧಿಸಿದ್ದು. ನೀರು ಕಾಯಿಸುವ, ಅಡುಗೆ ಮಾಡುವ ಮನೆಯಲ್ಲಿ ಈ ವಾದವನ್ನು ಇನ್ಸುಲಿನ್ ಶೀಶೆಯೊಂದರ ಮೇಲೆ ಮಾತ್ರ ಹೂಡುವುದು ಸರಿಯಲ್ಲ. ಯೀಸ್ಟಿಗಿಂತ ಮುಂದೆ ಹೋಗಿ ಕೇಳಬೇಕಾದುದು ಬೇರೆ ಇದೆ. ಆ ಯೀಸ್ಟಿಗೆ ಉಣಿಸಿದ ಪೋಷಕದ್ರವ್ಯ ಪ್ರಾಣಿಜನ್ಯವೇ, ಇನ್ಸುಲಿನ್ನನ್ನು ಕತ್ತರಿಸಿ ರೂಪಕ್ಕೆ ತರುವ ಟ್ರಿಪ್ಸಿನ್ ಎಂಬ ಕಿಣ್ವ ಹಂದಿಯ ಗ್ರಂಥಿಯದೇ ಅಥವಾ ಅದನ್ನೂ ಸೂಕ್ಷ್ಮಜೀವಿಗಳಿಂದ ಮಾಡಿಸಿದ್ದಾರೆಯೇ? ಎರಡೂ ವಿಧಗಳು ಬಳಕೆಯಲ್ಲಿವೆ. ವೈದ್ಯರಿಗೆ ಇದು ತಿಳಿದಿರಲಿಕ್ಕಿಲ್ಲ. ಔಷಧ ತಯಾರಕರಿಗೆ ತಿಳಿದಿರುತ್ತದೆ. ಒಬ್ಬ ರೋಗಿ ಪತ್ರ ಬರೆದರೆ ಉತ್ತರ ಬರುವುದು ಅನುಮಾನ. ನೂರು ಟ್ರಸ್ಟುಗಳು ಒಟ್ಟಾಗಿ ಬರೆದರೆ? ತಿನ್ನುವ ಪದಾರ್ಥದ ಪೊಟ್ಟಣದ ಮೇಲೆ ಹಸಿರು ಗುರುತು, ಕಂದು ಗುರುತು ಕಡ್ಡಾಯವಾಗಿದೆ. ಔಷಧದ ಪೊಟ್ಟಣದ ಮೇಲೆ ಅಂಥದೊಂದು ಕಡ್ಡಾಯವಿಲ್ಲ. ಈ ಕೊರತೆಯ ವಿರುದ್ಧ ಜೈನ ಟ್ರಸ್ಟುಗಳ ಮನವಿಗಳು ಗುಡ್ಡೆಯಾಗಿ ಬೀಳಬೇಕಾಗಿತ್ತು.

ಔಷಧವಾದ ಮೇಲೆ ಪ್ರಾಣಿಗಳ ಮೇಲೆ ಪರೀಕ್ಷೆ ನಡೆದೇ ಇರುತ್ತದೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಹಿಂದೆ ಇನ್ಸುಲಿನ್ನಿನ ಯೂನಿಟ್ಟನ್ನು ಅಳೆಯುತ್ತಿದ್ದುದೇ ಮೊಲಗಳ ಮೇಲೆ.

ಮೂಲದ ಪ್ರಶ್ನೆಗಿಂತ ಅಪಾಯಕರವಾದ ಮೌನ ಹೊತ್ತಿನದು. ಲಕಮನಹಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಸಣ್ಣ ಕಾರ್ಖಾನೆಯುಳ್ಳ, ಅರವತ್ತು ದಾಟಿದ ಗೃಹಸ್ಥರೊಬ್ಬರು ಎಂದು ಇಟ್ಟುಕೊಳ್ಳಬಹುದು. ಮಧುಮೇಹ ಇಪ್ಪತ್ತು ವರ್ಷದ್ದು. ಸೂರ್ಯಾಸ್ತದೊಳಗೆ ಊಟ ಮುಗಿಸುವುದು ಮನೆಯ ನಿಯಮ. ಚಳಿಗಾಲದಲ್ಲಿ ಆರು ಗಂಟೆಗೆ ತಾಟು ಎತ್ತುತ್ತಾರೆ. ವೈದ್ಯರು ಬೆರಕೆ ಇನ್ಸುಲಿನ್ನನ್ನು ಬೆಳಿಗ್ಗೆ ಇಷ್ಟು, ರಾತ್ರಿ ಇಷ್ಟು, ಊಟಕ್ಕೆ ಅರ್ಧ ಗಂಟೆ ಮೊದಲು ಎಂದು ಬರೆಯುತ್ತಾರೆ. ಅವರ ಮನಸ್ಸಿನಲ್ಲಿರುವ ರಾತ್ರಿಯ ಊಟ ಎಂಟೂವರೆ, ಒಂಬತ್ತರದು. ಅದು ಊರಿನ ವಾಡಿಕೆ. ‘ಮಲಗುವಾಗ ಒಂದು ಲೋಟ ಹಾಲು ಕುಡಿಯಿರಿ’ ಎನ್ನುತ್ತಾರೆ. ಗೃಹಸ್ಥರು ‘ಹೂಂ’ ಎನ್ನುತ್ತಾರೆ. ಮನೆಗೆ ಬಂದು ಹಾಲನ್ನಂತೂ ಕುಡಿಯುವುದಿಲ್ಲ. ಚೀಟಿಯಲ್ಲಿ ‘ರಾತ್ರಿ’ ಎಂದಿದೆಯೆಂದು ಎಂಟು ಗಂಟೆಗೆ ಸೂಜಿ ಚುಚ್ಚಿಕೊಳ್ಳುತ್ತಾರೆ. ಹೊಟ್ಟೆಯಲ್ಲಿ ಅನ್ನವಿಲ್ಲ, ರಕ್ತದಲ್ಲಿ ಇನ್ಸುಲಿನ್ ಇದೆ. ನಡುರಾತ್ರಿಯಲ್ಲಿ ಮೈ ಬೆವರಿ, ಕೈ ನಡುಗಿ, ಮಾತು ತೊದಲುತ್ತದೆ. ಸಕ್ಕರೆಯ ಅಂಶ 70ಕ್ಕಿಂತ ಕೆಳಗೆ ಇಳಿದ ಲಕ್ಷಣಗಳಿವು. ಇನ್ನೂ ಇಳಿದರೆ ಎಚ್ಚರ ತಪ್ಪುತ್ತದೆ. ರಾತ್ರಿಭೋಜನ ತ್ಯಾಗದ ನಿಯಮಕ್ಕೂ ಮದ್ದಿಗೂ ಇಲ್ಲಿ ವಿರೋಧವೇ ಇರಲಿಲ್ಲ. ವಿರೋಧವಿದ್ದುದು ಮೌನಕ್ಕೆ.

‘ಡಾಕ್ಟರ್ ಸಾಹೇಬ್ರ, ನಾವು ಜೈನರ್ರಿ. ಹೊತ್ತು ಮುಳುಗಿದ ಮ್ಯಾಲೆ ನೀರೂ ಮುಟ್ಟಂಗಿಲ್ಲ. ಈ ಸೂಜಿ ಯಾವಾಗ ತಗೋಬೇಕ್ರಿ?’

‘ಮೊದಲ ಹೇಳೋದು ಚಲೋ ಆತ್ರೀ, ಯಜಮಾನ್ರ. ಹಂಗಾದ್ರ ಮದ್ದಿನ ಹೊತ್ತೂ ಬದಲಿ ಮಾಡಬೇಕು, ಅಳತೀನೂ ನೋಡಬೇಕು.’

ಇಷ್ಟೇ ಸಂಭಾಷಣೆ. ಇದಕ್ಕೆ ಶಾಸ್ತ್ರಪಾಂಡಿತ್ಯ ಬೇಕಾಗಿಲ್ಲ, ಇಂಗ್ಲಿಷೂ ಬೇಕಾಗಿಲ್ಲ. ಲಕಮನಹಳ್ಳಿಯಿಂದ ಸ್ವಲ್ಪ ಮುಂದೆ ಸತ್ತೂರಿನಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರನ ಹೆಸರಿನ ದೊಡ್ಡ ಆಸ್ಪತ್ರೆಯೇ ನಿಂತಿದೆ. ಅದನ್ನು ಕಟ್ಟಿಸಿದ ಹೆಗ್ಗಡೆಯವರದು ಜೈನ ಮನೆತನ. ಆದರೂ ಯಾವ ಆಸ್ಪತ್ರೆಯ ವೈದ್ಯರೂ ರೋಗಿಯ ಹಣೆ ನೋಡಿ ಚೌವಿಹಾರವನ್ನು ಓದಲಾರರು.

ತೂಕದ ಸೂಜಿಗಳ ವಿಷಯದಲ್ಲಿ ಮಾತು ಇನ್ನೂ ಹೆಚ್ಚು ಬೇಕು. ಟಿರ್ಜೆಪಟೈಡ್ ‘ಮೌಂಜಾರೋ’ ಎಂಬ ಹೆಸರಿನಿಂದ 2025ರ ಮಾರ್ಚಿನಲ್ಲಿ, ಸೆಮಾಗ್ಲುಟೈಡ್ ‘ವೆಗೋವಿ’ಯೆಂದು ಅದೇ ವರ್ಷದ ಜೂನಿನಲ್ಲಿ ಭಾರತಕ್ಕೆ ಬಂದವು. ಸೆಮಾಗ್ಲುಟೈಡಿನ ಪೇಟೆಂಟು ಭಾರತದಲ್ಲಿ 2026ರ ಮಾರ್ಚಿನವರೆಗಿನದು. ಪೇಟೆಂಟಿನ ಆಚೆಗೆ ಬೆಲೆ ಇಳಿಯುವುದೂ ಬಳಸುವವರು ಹೆಚ್ಚುವುದೂ ವ್ಯಾಪಾರದ ಸಹಜ ನಡೆ. ಊಟವಾದ ಮೇಲೆ ಕರುಳು ಸ್ರವಿಸುವ ಹಾರ್ಮೋನನ್ನು ಈ ಮದ್ದುಗಳು ಅನುಕರಿಸುತ್ತವೆ. ದೇಹದ ಸ್ವಂತ ಹಾರ್ಮೋನು ನಿಮಿಷಗಳಲ್ಲಿ ಕರಗಿಹೋದರೆ ಇವು ದಿನಗಟ್ಟಲೆ ನಿಲ್ಲುತ್ತವೆ. ಜಠರ ನಿಧಾನವಾಗಿ ಬರಿದಾಗುತ್ತದೆ, ಹಸಿವು ಅಡಗುತ್ತದೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ನೂರಕ್ಕೆ ಹದಿನೈದರಷ್ಟು ಇಳಿಯಿತು. ಅದೇ ಪ್ರಯೋಗದ ಮುಂದುವರಿಕೆಯಲ್ಲಿ, ಮದ್ದು ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರನೆಯ ಎರಡು ಪಾಲು ಮರಳಿ ಬಂದಿತು. ಮೊದಲನೆಯ ಅಂಕಿ ಎಲ್ಲರಿಗೂ ಗೊತ್ತು. ಎರಡನೆಯದನ್ನು ಮದುವೆಗೆ ಮೂರು ತಿಂಗಳಿದೆಯೆಂದು ಸೂಜಿ ಹಿಡಿದವರು ಕೇಳಿಯೇ ಇಲ್ಲ.

ಸ್ಥೂಲಕಾಯರಿಗೆ ‘ಊನೋದರ ಮಾಡಿರಿ, ಸೂಜಿ ಏಕೆ’ ಎಂದು ಉಪದೇಶಿಸುವ ಹಿರಿಯರು ಸ್ವಲ್ಪ ನಾಲಗೆ ಬಿಗಿಹಿಡಿಯಬೇಕು. ಊನೋದರವು ತಪಸ್ಸು, ಮಧುಮೇಹವೂ ಸ್ಥೂಲತೆಯೂ ರೋಗಗಳು. ಕ್ಷಯದವನಿಗೆ ಪ್ರಾಣಾಯಾಮ ಮಾಡೆಂದು ಹೇಳಿ ಮದ್ದು ತಪ್ಪಿಸಿದರೆ ಅದು ಧರ್ಮೋಪದೇಶವಾಗುವುದಿಲ್ಲ.

ಆದರೆ ಒಂದು ಪ್ರಶ್ನೆಯನ್ನು ಕೇಳದೆ ಬಿಡುವಂತಿಲ್ಲ. ಹಸಿವೆಯನ್ನೇ ಕೊಂದ ಮದ್ದು ದೇಹದಲ್ಲಿರುವಾಗ ಮಾಡಿದ ಅನಶನವು ತಪವೇ? ಇಚ್ಛೆಯ ನಿರೋಧಕ್ಕೆ ತಪವೆಂದು ಹೆಸರು. ಇಲ್ಲಿ ಇಚ್ಛೆಯನ್ನು ನಿರೋಧಿಸಿದ್ದು ಆತ್ಮವಲ್ಲ, ಶೀಶೆ. ಇಂಥವರು ಉಪವಾಸ ಮಾಡಬಾರದೆಂದಲ್ಲ. ಶೀಶೆ ಶೀತಪೆಟ್ಟಿಗೆಯಲ್ಲಿರಲು ಎಂಟು ದಿನಗಳ ಉಪವಾಸ ಮುಗಿಸಿ ಹಾರ ಹಾಕಿಸಿಕೊಂಡು ಮೆರವಣಿಗೆಯಲ್ಲಿ ಕೂರುವುದಕ್ಕೆ ಮೊದಲು ಅವರ ಅಂತಃಕರಣವೇ ಅವರನ್ನು ಕೇಳಬೇಕು. ದೇಹದ ದೃಷ್ಟಿಯಿಂದಲಂತೂ ಅದು ತೀರ ಅಪಾಯದ ಸಾಹಸ. ಈ ಮದ್ದುಗಳಿಂದ ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ವಿರಳವಾಗಿ ಮೇದೋಜೀರಕದ ಉರಿಯೂತ ಉಂಟಾಗುವುದುಂಟು. ವಾಂತಿ-ಭೇದಿಯಾದವನು ನೀರನ್ನೂ ಬಿಟ್ಟರೆ ಮೂತ್ರಪಿಂಡಗಳಿಗೆ ಪೆಟ್ಟು. ಇದರೊಡನೆ ಇನ್ಸುಲಿನ್ನನ್ನೋ ಗ್ಲಿಮೆಪಿರೈಡ್ ಗುಳಿಗೆಯನ್ನೋ ತೆಗೆದುಕೊಳ್ಳುವವರಾದರೆ ಸಕ್ಕರೆ ಕುಸಿಯುವ ಭಯ ಬೇರೆ. ಇಳಿಯುವ ತೂಕದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಸೇರಿರುತ್ತದೆ. ಮೊಟ್ಟೆ, ಮಾಂಸ ಮುಟ್ಟದ, ಪರ್ವಗಳಲ್ಲಿ ಹಸಿರು ಕಾಯಿಪಲ್ಲೆಯನ್ನೂ ಬಿಡುವ ಮನೆಯಲ್ಲಿ ಬೇಳೆ-ಹಾಲುಗಳಿಂದ ಎಷ್ಟು ಪ್ರೋಟೀನು ಒದಗುತ್ತದೆಂದು ವೈದ್ಯರೊಡನೆ ಲೆಕ್ಕ ಹಾಕಲೇಬೇಕು. ಮನೆತನದಲ್ಲಿ ಥೈರಾಯ್ಡಿನ ಮೆಡ್ಯುಲರಿ ಕ್ಯಾನ್ಸರ್ ಇದ್ದರೆ ಈ ಮದ್ದುಗಳು ಕೂಡದು. ಅದನ್ನೂ ರೋಗಿಯೇ ಹೇಳಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆಯ ವೈದ್ಯರಿಗೂ ತಿಳಿಸಬೇಕು, ಏಕೆಂದರೆ ಹೊಟ್ಟೆ ಬರಿದಾಗಿದೆಯೆಂದು ಅವರು ನಂಬಿದಾಗ ಅದು ಬರಿದಾಗಿರಲಾರದು.

ಸೆಮಾಗ್ಲುಟೈಡಿನ ಗುಳಿಗೆಯೂ ಉಂಟು. 2022ರ ಜನವರಿಯಲ್ಲಿ ಇಲ್ಲಿಗೆ ಬಂದಿತು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಅರ್ಧ ಲೋಟಕ್ಕೂ ಮೀರದ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ಏನನ್ನೂ ಸೇವಿಸದಿರಬೇಕು. ಸೂರ್ಯೋದಯದಿಂದ 48 ನಿಮಿಷ ನೀರನ್ನೂ ಮುಟ್ಟದ ನವಕಾರಸೀ ವ್ರತದವರು ಗುಳಿಗೆಯನ್ನು ವ್ರತ ಮುಗಿಸುವಾಗ ನುಂಗಿ ಮತ್ತೆ ಅರ್ಧ ಗಂಟೆ ಕಾದರಾಯಿತು. ವ್ರತವಿರುವವರಿಗೆ ಆ ಕಾಯುವಿಕೆ ಹೊಸದೇನಲ್ಲ!

ಮನೆಯ ಸೊಸೆಯ ಮಾತು ಇನ್ನೂ ಸೂಕ್ಷ್ಮ. ವೈದ್ಯರ ಕೋಣೆಗೆ ಅವಳೊಡನೆ ಅತ್ತೆಯೋ ಮಾವನೋ ಹೋಗಿ ಕುಳಿತು, ಕೇಳಿದ ಪ್ರಶ್ನೆಗಳಿಗೆಲ್ಲ ಅವರೇ ಉತ್ತರ ಕೊಡುವ ಪದ್ಧತಿ ಇನ್ನೂ ಅಳಿದಿಲ್ಲ. ಗರ್ಭ ಧರಿಸುವ ವಿಚಾರವಿದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು; ಟಿರ್ಜೆಪಟೈಡ್ ಗರ್ಭನಿರೋಧಕ ಗುಳಿಗೆಯ ಪರಿಣಾಮವನ್ನು ಕುಗ್ಗಿಸಬಲ್ಲದು. ಮಾವನವರ ಎದುರಿಗೆ ಯಾವ ಸೊಸೆ ಇದನ್ನು ಕೇಳಿಯಾಳು? ಹಿರಿಯರು ಹತ್ತು ನಿಮಿಷ ಹೊರಗೆ ಬಂದು ಕೂರುವುದರಿಂದ ಮನೆತನದ ಗೌರವಕ್ಕೆ ಕುಂದಿಲ್ಲ.

ಇನ್ನು ತರುಣರು. ಇವರಿಗೆ ವೈದ್ಯರ ಕೋಣೆಯ ಮೌನವೂ ಬೇಕಾಗಿಲ್ಲ, ವೈದ್ಯರೇ ಬೇಕಾಗಿಲ್ಲ. ಕೈಯಲ್ಲಿನ ಫೋನಿನಿಂದಲೇ ಬಿಪಿಸಿ-157 ಮುಂತಾದ ಹೆಸರಿನ ಪುಡಿಶೀಶೆಗಳನ್ನು ತರಿಸಿ, ನೀರು ಬೆರೆಸಿ, ವ್ಯಾಯಾಮಶಾಲೆಯ ಗೆಳೆಯನಿಂದ ಚುಚ್ಚಿಸಿಕೊಳ್ಳುತ್ತಾರೆ. ಶೀಶೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿರುತ್ತದೆ; ಮನುಷ್ಯನಿಗೆ ಮಾರುತ್ತಿಲ್ಲವೆಂದು ಮಾರುವವನು ತನ್ನ ಕೈ ತೊಳೆದುಕೊಳ್ಳುವ ಉಪಾಯವದು. ಗಾಯ ಮಾಯಿಸುವುದೆಂದು ಹೆಸರಾದ ಈ ಬಿಪಿಸಿ-157ರ ಬಗೆಗಿನ ಆಧಾರವೆಲ್ಲ ಬಹುತೇಕ ಇಲಿಗಳದು. 2022ರಿಂದ ಅಂತಾರಾಷ್ಟ್ರೀಯ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ ಅದನ್ನು ಕ್ರೀಡಾಪಟುಗಳಿಗೆ ನಿಷೇಧಿಸಿತು. 2023ರಲ್ಲಿ ಅಮೆರಿಕದ ಔಷಧ ಇಲಾಖೆ ಸುರಕ್ಷತೆಯ ಸಂದೇಹವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಿಜವಾದ ಔಷಧಗಳಿಗೂ ನಕಲಿಗಳುಂಟು: 2024ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಕಲಿ ಸೆಮಾಗ್ಲುಟೈಡಿನ ವಿಷಯದಲ್ಲಿ ಎಚ್ಚರಿಕೆ ನೀಡಿತು. ಇಂಥ ಸೂಜಿಮದ್ದು ಬಳಸುವವರೆಗೆ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಧಾರವಾಡದ ಏಪ್ರಿಲ್ ಬಿಸಿಲಿನಲ್ಲಿ ಚೀಲದೊಳಗೆ ಎರಡು ದಿನ ಅಲೆದುಬಂದ ಶೀಶೆಗೆ ಬಿಲ್ಲಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ, ಮಾರಿದವನ ಅಂಗಡಿಯಿಲ್ಲ. ವ್ಯಾಪಾರಿಯ ಮಗ ಬಿಲ್ಲಿಲ್ಲದ ಮಾಲನ್ನು ಗೋದಾಮಿಗೆ ಸೇರಿಸುವುದಿಲ್ಲ, ಆದರೆ ಮೈಗೆ ಸೇರಿಸುತ್ತಾನೆ.

ಕೊಲಾಜೆನ್ ಪುಡಿಯ ಹುಚ್ಚು ಇದಕ್ಕಿಂತ ನಿರಪಾಯವಾದರೂ ಜೈನ ಮನೆಗೆ ಹೆಚ್ಚು ಅಸಹ್ಯಕರ. ಚರ್ಮದ ಕಾಂತಿಗೆಂದು ಹಾಲಿನಲ್ಲಿ ಕದಡಿ ಕುಡಿಯುವ ‘ಕೊಲಾಜೆನ್ ಪೆಪ್ಟೈಡ್’ ಎಂಬುದು ದನದ ಚರ್ಮ, ಹಂದಿಯ ಚರ್ಮ, ಮೀನಿನ ಚರ್ಮ-ಪೊರೆಗಳಿಂದ ಬರುತ್ತದೆ. ‘ಮೆರೀನ್’ ಎಂಬ ಸೊಗಸಾದ ಶಬ್ದಕ್ಕೆ ಮೀನು ಎಂದರ್ಥ. ಸಸ್ಯಗಳಲ್ಲಿ ಕೊಲಾಜೆನ್ ಇಲ್ಲವೇ ಇಲ್ಲ. ‘ಸಸ್ಯಜನ್ಯ’ವೆಂದು ಮಾರುವುದು ಬಹುಮಟ್ಟಿಗೆ ವಿಟಮಿನ್ ‘ಸಿ’ ಮುಂತಾದವುಗಳ ಮಿಶ್ರಣ. ಇದು ಆಹಾರದ ಕಾನೂನಿನೊಳಗೆ ಬರುವುದರಿಂದ ಡಬ್ಬಿಯ ಮೇಲೆ ಕಂದು ಗುರುತು ಇರಲೇಬೇಕು. ಇಲ್ಲಿ ಪ್ರಾಣಸಂಕಟವಿಲ್ಲ, ವೈದ್ಯರ ಚೀಟಿಯಿಲ್ಲ, ಯಾವ ನೆವವೂ ಇಲ್ಲ. ಹೆಪಾರಿನ್ನಿಗಿರುವ ಕ್ಷಮೆ ಇದಕ್ಕೆ ಸಲ್ಲದು.

ಪ್ರಸಂಗಕ್ಕೆ ಒಂದು ಮಾತು. ತಾಯಂದಿರ ಪ್ರಾಣ ಕಾಯುವ ಆ ಒಂಬತ್ತು ಮಣಿಗಳ ಆಕ್ಸಿಟೋಸಿನ್ನನ್ನೇ ಹಾಲು ಇಳಿಸಲೆಂದು ಎಮ್ಮೆ-ಆಕಳುಗಳಿಗೆ ಚುಚ್ಚುವ ದುರಾಚಾರವೂ ದೇಶದಲ್ಲಿದೆ. ಅದನ್ನು ತಡೆಯಲೆಂದು 2018ರಲ್ಲಿ ಕೇಂದ್ರ ಸರಕಾರವು ದೇಶದ ಬಳಕೆಯ ಆಕ್ಸಿಟೋಸಿನ್ನನ್ನು ಸಾರ್ವಜನಿಕ ವಲಯದಲ್ಲಿ ಮಾತ್ರ, ಎಂದರೆ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ ತಯಾರಿಸಬೇಕೆಂದು ಆಜ್ಞೆ ಹೊರಡಿಸಿತು. ತಾಯಂದಿರಿಗೆ ಮದ್ದಿನ ಕೊರತೆಯಾದೀತೆಂಬ ಆಕ್ಷೇಪ ಎದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಸೂಜಿಯ ಮೂಲ ಕೇಳುವ ಧೈರ್ಯ ಬಂದವರು ಹಾಲಿನವನನ್ನೂ ಒಮ್ಮೆ ಕೇಳಬಹುದು.

ಟ್ರಸ್ಟುಗಳ ಪಾಲು ದೊಡ್ಡದು. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದೆಂದು ಫಲಕ ಬರೆಯಿಸಿ ಉಚಿತ ಶಿಬಿರ ನಡೆಸುವವರು ಹಂಚಿದ ಗುಳಿಗೆ-ಸೂಜಿಗಳ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುತ್ತಾರೆ. ಆ ಮದ್ದುಗಳ ಮೂಲವೇನೆಂದು ಖರೀದಿಯ ಮೊದಲು ಯಾರು ಕೇಳಿದರು? ಶಿಬಿರದ ಚೀಟಿಯಲ್ಲಿ ಹೆಸರು, ವಯಸ್ಸು, ರಕ್ತದೊತ್ತಡಗಳ ಕೆಳಗೆ ಎರಡು ಸಾಲು ಹೆಚ್ಚು ಅಚ್ಚು ಹಾಕಿಸಲು ಖರ್ಚಿಲ್ಲ: ರಾತ್ರಿ ಊಟದ ಹೊತ್ತು ಯಾವುದು, ವರ್ಷದಲ್ಲಿ ಯಾವ ಉಪವಾಸಗಳನ್ನು ಮಾಡುತ್ತಾರೆ, ನೀರು ಸಹಿತವೋ ರಹಿತವೋ. ರೋಗಿ ಬಾಯಿ ಬಿಡದಿದ್ದರೂ ಚೀಟಿ ಮಾತಾಡುತ್ತದೆ. ವ್ರತ ಕೊಡುವ ತ್ಯಾಗಿಗಳೂ ಪಂಡಿತರೂ ‘ಸಕ್ಕರೆ ಕಾಯಿಲೆಯಿದೆಯೇ, ಸೂಜಿಯಿದೆಯೇ’ ಎಂದು ಕೇಳಿಯೇ ಉಪವಾಸದ ನಿಯಮ ಕೊಡಬೇಕು. ಪ್ರತ್ಯಾಖ್ಯಾನದಲ್ಲಿ ಆಗಾರಗಳೆಂಬ ವಿನಾಯಿತಿಗಳನ್ನು ಹಿಂದಿನವರು ಸುಮ್ಮನೆ ಇಟ್ಟಿಲ್ಲ. ಷೋಡಶ ಭಾವನೆಗಳಲ್ಲಿ ತಪಸ್ಸಿನೊಡನೆ ‘ಶಕ್ತಿಗನುಸಾರ’ ಎಂಬುದನ್ನು ಸೇರಿಸಿದ್ದೂ ಸುಮ್ಮನೆ ಅಲ್ಲ. ಸಕ್ಕರೆ ಕುಸಿದರೆ ಬೆಲ್ಲದ ನೀರು ಕುಡಿಯುವೆನೆಂಬ ಆಗಾರವನ್ನು ಮೊದಲೇ ಇಟ್ಟುಕೊಂಡವನ ವ್ರತವು ಭಂಗವಾಗುವುದಿಲ್ಲ.

ದಶಲಕ್ಷಣ ಪರ್ವವು ಭಾದ್ರಪದ ಶುಕ್ಲ ಪಂಚಮಿಗೆ ಆರಂಭವಾಗುತ್ತದೆ. ಶ್ವೇತಾಂಬರರ ಪರ್ಯುಷಣವು ಅದಕ್ಕಿಂತ ಎಂಟು ದಿನ ಮೊದಲು. ಮುನ್ನಾದಿನ ಸೂಜಿ ಬಿಟ್ಟರೆ ಮದ್ದು ಮೈಯಿಂದ ಹೋಯಿತೆಂದು ಅನೇಕರು ತಿಳಿದಿದ್ದಾರೆ. ಸೆಮಾಗ್ಲುಟೈಡ್ ಅರ್ಧಕ್ಕೆ ಇಳಿಯುವುದಕ್ಕೇ ಒಂದು ವಾರ ಬೇಕು, ಪೂರ್ತಿ ಹೋಗಲು ಐದು ವಾರಗಳು. ಇನ್ಸುಲಿನ್ ಮೇಲೆಯೇ ಬದುಕಿರುವ ಮೊದಲನೆಯ ವಿಧದ ಮಧುಮೇಹಿಗಳಂತೂ ತಳದ ಇನ್ಸುಲಿನ್ನನ್ನು ಎಂದೂ ಸ್ವಂತ ಬುದ್ಧಿಯಿಂದ ನಿಲ್ಲಿಸುವಂತಿಲ್ಲ. ಅಳತೆಯನ್ನು ಇಳಿಸಿ, ರಕ್ತ ಪರೀಕ್ಷಿಸಿ, ಮತ್ತೆ ಹೊಂದಿಸಲು ವೈದ್ಯರಿಗೆ ಹಲವು ವಾರಗಳ ಅವಕಾಶ ಬೇಕು. ಭಾದ್ರಪದದ ಉಪವಾಸಕ್ಕಾಗಿ ಲಕಮನಹಳ್ಳಿಯ ಗೃಹಸ್ಥರು ವೈದ್ಯರ ಕೋಣೆಯಲ್ಲಿ ಬಾಯಿ ತೆರೆಯಬೇಕಾದುದು ಶ್ರಾವಣದ ಮೊದಲ ವಾರದಲ್ಲಿ.